ಹೆರಿಗೆಯ ನಂತರ ಹೊಟ್ಟೆಗೆ ಮತ್ತೆ ಬಲ: ಬೆಲ್ಟ್, ಯೋಗ, ಜಿಮ್, ಫಿಸಿಯೋ – ಯಾರಿಗೆ ಯಾವುದು?

ಹೆರಿಗೆಯಾಗಿ ಮೂರ್ನಾಲ್ಕು ವಾರವಾದ ಬಾಣಂತಿ ಅಂಗಾತ ಮಲಗಿದ್ದಾಗ ನೇರವಾಗಿ ಎದ್ದು ಕೂರಲು ಹೋದರೆ, ಹೊಕ್ಕುಳಿನ ಮೇಲೂ ಕೆಳಗೂ ಉದ್ದಕ್ಕೆ ಒಂದು ಉಬ್ಬು ಏಳುವುದು ಕಾಣಿಸುತ್ತದೆ. ಮತ್ತೆ ಮಲಗಿದರೆ ಇಳಿದುಹೋಗುತ್ತದೆ. ಸಾಮಾನ್ಯವಾಗಿ ನೋವೂ ಇರುವುದಿಲ್ಲ. ಗ್ಯಾಸ್ ಇರಬೇಕು, ಬೊಜ್ಜು ಇರಬೇಕು ಅಂದುಕೊಂಡು ತುಂಬಾ ಜನ ಸುಮ್ಮನಾಗಿಬಿಡುತ್ತಾರೆ. ಅದು ಗ್ಯಾಸೂ ಅಲ್ಲ, ಬೊಜ್ಜೂ ಅಲ್ಲ.

ಹೊಟ್ಟೆಯ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಸ್ನಾಯು ಇದೆ. ಎರಡನ್ನೂ ನಡುವೆ ಒಂದು ಗಟ್ಟಿ ಪಟ್ಟಿ ಜೋಡಿಸಿ ಹಿಡಿದಿರುತ್ತದೆ. ಬಸುರಿನಲ್ಲಿ ಮಗು ಬೆಳೆದಂತೆ ಈ ಪಟ್ಟಿ ಹಿಗ್ಗಿ ತೆಳ್ಳಗಾಗುತ್ತದೆ, ಸ್ನಾಯುಗಳು ಪಕ್ಕಕ್ಕೆ ಸರಿಯುತ್ತವೆ. ಡಾಕ್ಟರುಗಳು ಇದನ್ನು ಡಯಾಸ್ಟಾಸಿಸ್ ರೆಕ್ಟೈ ಅನ್ನುತ್ತಾರೆ. ಒಂಬತ್ತನೇ ತಿಂಗಳಲ್ಲಿ ಇದು ಹೆಚ್ಚುಕಡಿಮೆ ಎಲ್ಲರಿಗೂ ಇರುತ್ತದೆ. ನಾರ್ವೆಯಲ್ಲಿ 300 ಚೊಚ್ಚಲ ಬಸುರಿಯರನ್ನು ಹೆರಿಗೆಯಾಗಿ ವರ್ಷ ತುಂಬುವವರೆಗೆ ಗಮನಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಹೆರಿಗೆಯಾಗಿ 6 ವಾರಕ್ಕೆ ನೂರಕ್ಕೆ 60 ಮಂದಿಗೆ ಈ ಅಂತರ ಉಳಿದಿತ್ತು. 6 ತಿಂಗಳಿಗೆ 45 ಮಂದಿಗೆ. ವರ್ಷವಾದಾಗ ಸುಮಾರು 33 ಮಂದಿಗೆ. ಹಾಗಾಗಿ ಎರಡನೇ ತಿಂಗಳಲ್ಲೇ ಗಾಬರಿ ಬೀಳಬೇಕಿಲ್ಲ. ಹಾಗೆಯೇ, ವರ್ಷವಾದರೂ ಹೋಗಲಿಲ್ಲ ಅಂದರೆ ನೀವೊಬ್ಬರೇ ಅಲ್ಲ.

ಬಾಣಂತಿಗೆ ಸಲಹೆ ಕೊಡುವವರಿಗೆ ನಮ್ಮಲ್ಲಿ ಯಾವತ್ತೂ ಕೊರತೆ ಇಲ್ಲ. ಹೊಟ್ಟೆ ಕಟ್ಟು ಅನ್ನುವವರು, ಯೋಗ ಮಾಡು ಅನ್ನುವವರು, ಜಿಮ್ಮಿಗೆ ಸೇರು ಅನ್ನುವವರು. ಇವುಗಳಲ್ಲಿ ಯಾವುದನ್ನು, ಯಾವಾಗ, ಯಾರು ಆರಿಸಿಕೊಳ್ಳಬೇಕು ಅನ್ನುವುದೇ ಈ ಬರಹ. ಅದಕ್ಕೂ ಮೊದಲು ಒಂದು ಮಾತು. ನಾಮಕರಣಕ್ಕೆ ಬಂದವರು ‘ಹೊಟ್ಟೆ ಇನ್ನೂ ಹೋಗಿಲ್ವಾ?’ ಅಂತ ಕೇಳುತ್ತಾರಲ್ಲ, ಆ ಪ್ರಶ್ನೆಯನ್ನು ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರುವುದಕ್ಕೇ ಸುಮಾರು 6 ವಾರ ಬೇಕು. ಇಲ್ಲಿ ನೋಡುತ್ತಿರುವುದು ಹೊಟ್ಟೆ ಎಷ್ಟು ಚಪ್ಪಟೆಯಾಯಿತು ಅನ್ನುವುದನ್ನಲ್ಲ. ಮಗುವನ್ನು ಎತ್ತುವಾಗ ಬೆನ್ನು ಹಿಡಿಯುತ್ತದಾ, ಕೆಮ್ಮಿದರೆ ಮೂತ್ರ ಜಾರುತ್ತದಾ, ಹಾಸಿಗೆಯಿಂದ ಸಲೀಸಾಗಿ ಏಳಲು ಆಗುತ್ತದಾ ಅನ್ನುವುದನ್ನು.

ಮೊದಲು ನಿಮ್ಮ ಹೊಟ್ಟೆಯನ್ನೇ ಮುಟ್ಟಿ ನೋಡಿ

ಅಂಗಾತ ಮಲಗಿ ಮಂಡಿ ಮಡಚಿ, ಪಾದ ನೆಲಕ್ಕೆ ಊರಿ. ಬೆರಳುಗಳನ್ನು ಹೊಕ್ಕುಳಿನ ಸ್ವಲ್ಪ ಮೇಲೆ ಅಡ್ಡಕ್ಕೆ ಇಡಿ. ಉಸಿರು ಬಿಡುತ್ತಾ ತಲೆಯನ್ನಷ್ಟೇ ದಿಂಬಿನಿಂದ ಮೆಲ್ಲಗೆ ಎತ್ತಿ. ಎರಡೂ ಕಡೆಯಿಂದ ಸ್ನಾಯುವಿನ ಅಂಚು ಬಿಗಿಯಾಗಿ ಬೆರಳಿಗೆ ಸಿಗುತ್ತದೆ. ನಡುವೆ ಎಷ್ಟು ಬೆರಳು ಹಿಡಿಸುತ್ತದೆ ನೋಡಿ. ಹೊಕ್ಕುಳಿನ ಮೇಲೆ, ಹೊಕ್ಕುಳಿನಲ್ಲಿ, ಕೆಳಗೆ, ಮೂರೂ ಕಡೆ ನೋಡಿ. ಎರಡು ಬೆರಳಿಗಿಂತ ಜಾಸ್ತಿ ಇದ್ದರೆ ಅಂತರ ಇದೆ ಅಂತ ಲೆಕ್ಕ. ಅಗಲದಷ್ಟೇ ಆಳವೂ ಮುಖ್ಯ. ಬೆರಳು ಹಿಟ್ಟಿನೊಳಗೆ ಇಳಿದ ಹಾಗೆ ಮೆತ್ತಗೆ ಒಳಗೆ ಹೋಗುತ್ತದಾ, ಅಥವಾ ತಳದಲ್ಲಿ ಬಿಗಿ ಸಿಗುತ್ತದಾ? ಅಂತರ ಎರಡೂವರೆ ಬೆರಳಿದ್ದರೂ ತಳ ಬಿಗಿಯಾಗಿದ್ದರೆ ಕೆಲಸ ಚೆನ್ನಾಗಿಯೇ ನಡೆಯುತ್ತದೆ.

ಸಿಸೇರಿಯನ್ ಆದವರು ಹೊಲಿಗೆಯ ನೋವು ಪೂರ್ತಿ ಹೋದಮೇಲೆ, ಡಾಕ್ಟರು 6 ವಾರದ ಚೆಕಪ್ ಮಾಡಿದ ಮೇಲೆ ಇದನ್ನು ನೋಡಿಕೊಂಡರೆ ಸಾಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 31 ಹೆರಿಗೆ ಸಿಸೇರಿಯನ್. ಹಾಗಿದ್ದರೂ ಹೆಚ್ಚಿನ ಸಲಹೆಗಳು ನಾರ್ಮಲ್ ಡೆಲಿವರಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರುತ್ತವೆ. ಇನ್ನೊಂದು ತಪ್ಪು ತಿಳುವಳಿಕೆಯೂ ಇದೆ. ಸಿಸೇರಿಯನ್‌ನಲ್ಲಿ ಹೊಟ್ಟೆಯ ಸ್ನಾಯುವನ್ನೇ ಕತ್ತರಿಸಿಬಿಡುತ್ತಾರೆ ಅಂತ ತುಂಬಾ ಜನ ನಂಬಿದ್ದಾರೆ. ಸಾಮಾನ್ಯವಾಗಿ ಹಾಗಿಲ್ಲ. ಚರ್ಮ, ಕೊಬ್ಬು, ಅದರ ಕೆಳಗಿನ ಗಟ್ಟಿ ಪೊರೆ ಇವನ್ನು ಕೊಯ್ಯುತ್ತಾರೆ. ಉದ್ದನೆಯ ಸ್ನಾಯುಗಳನ್ನು ನಡುವೆ ಬಿಡಿಸಿ ಪಕ್ಕಕ್ಕೆ ಸರಿಸುತ್ತಾರೆ. ಆ ಗಟ್ಟಿ ಪೊರೆ 6 ವಾರಕ್ಕೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಲವನ್ನಷ್ಟೇ ಮರಳಿ ಪಡೆದಿರುತ್ತದೆ. ಮೇಲಿನ ಗಾಯ ಒಣಗಿದೆ ಅಂದಮಾತ್ರಕ್ಕೆ ಒಳಗೂ ಮುಗಿಯಿತು ಅಂದುಕೊಳ್ಳಬೇಡಿ.

ದುಡ್ಡು ಖರ್ಚಿಲ್ಲದ್ದು: ಉಸಿರು ಮತ್ತು ತಳದ ಸ್ನಾಯು

ಎಲ್ಲ ಆಯ್ಕೆಗಳಿಗಿಂತ ಮೊದಲು ಬರುವುದು ಇದು. ಯಾರಿಗೂ ಬೇಡ ಅನ್ನುವಂತಿಲ್ಲ. ಆದರೆ ನೋಡುವುದಕ್ಕೆ ಏನೂ ಮಾಡಿದ ಹಾಗೇ ಕಾಣುವುದಿಲ್ಲ, ಅದಕ್ಕೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಹೊಟ್ಟೆಯನ್ನು ಒಂದು ಡಬ್ಬಿ ಅಂದುಕೊಳ್ಳಿ. ಮುಚ್ಚಳ ಅಂದರೆ ಉಸಿರಾಟದ ಸ್ನಾಯು, ವಪೆ. ಸುತ್ತಲಿನ ಗೋಡೆ ಹೊಟ್ಟೆಯನ್ನು ಪಟ್ಟಿಯ ಹಾಗೆ ಬಳಸಿರುವ ಒಳಗಿನ ಸ್ನಾಯು. ತಳ ಅಂದರೆ ಮೂತ್ರಕೋಶ, ಗರ್ಭಕೋಶಗಳನ್ನು ಹೊತ್ತಿರುವ ಸ್ನಾಯುಗಳು, ವ್ಯಾಯಾಮದಿಂದ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಸ್ಟುಗಳು (ಫಿಸಿಯೋ) ಇದನ್ನು ಪೆಲ್ವಿಕ್ ಫ್ಲೋರ್ ಅನ್ನುತ್ತಾರೆ. ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲಿ ಸಡಿಲ ಇದೆಯೋ ಅಲ್ಲಿ ನುಗ್ಗುತ್ತದೆ. ಮುಂದಿನ ಗೋಡೆ ಸಡಿಲ ಇದ್ದರೆ ಉಬ್ಬು. ತಳ ಸಡಿಲ ಇದ್ದರೆ ಸೀನಿದಾಗ ಮೂತ್ರ ಜಾರುತ್ತದೆ. ಹಾಗಾಗಿ ಬರೀ ಮುಂದಿನ ಹೊಟ್ಟೆಗೆ ವ್ಯಾಯಾಮ ಮಾಡಿ ಪ್ರಯೋಜನವಿಲ್ಲ.

ಮಾಡುವುದು ಹೀಗೆ. ಮಲಗಿ ಅಥವಾ ಒರಗಿ ಕುಳಿತು ಕೈಯನ್ನು ಪಕ್ಕೆಲುಬಿನ ಮೇಲಿಡಿ. ಉಸಿರು ಎಳೆದಾಗ ಪಕ್ಕೆಗಳು ಅಗಲವಾಗಲಿ, ಹೊಟ್ಟೆ ಸಡಿಲವಾಗಿರಲಿ. ಉಸಿರು ಬಿಡುತ್ತಾ ಮೂತ್ರ ಮತ್ತು ಗಾಳಿ ಎರಡನ್ನೂ ಒಟ್ಟಿಗೆ ತಡೆಯುವ ಹಾಗೆ ತಳವನ್ನು ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ಅದರ ಜೊತೆಗೇ ಕೆಳಹೊಟ್ಟೆ ತಾನಾಗಿ ಸ್ವಲ್ಪ ಒಳಗೆ ಹೋಗುತ್ತದೆ. ಮೊದಲು ಮೂರ್ನಾಲ್ಕು ಸೆಕೆಂಡು ಹಿಡಿಯಿರಿ, ಆಮೇಲೆ ಪೂರ್ತಿ ಸಡಿಲ ಬಿಡಿ. ಸಡಿಲ ಬಿಡುವುದೂ ವ್ಯಾಯಾಮದ ಭಾಗವೇ. ದಿನಕ್ಕೆ ಮೂರು ಸಲ, ಸಲಕ್ಕೆ ಹತ್ತರಂತೆ ಮಾಡುತ್ತಾ, ವಾರಗಳು ಕಳೆದಂತೆ 8-10 ಸೆಕೆಂಡಿನವರೆಗೆ ಹಿಡಿಯಲು ಕಲಿಯಿರಿ. ಉಸಿರು ಕಟ್ಟಬಾರದು. ತೊಡೆ, ಪೃಷ್ಠ ಬಿಗಿ ಹಿಡಿಯಬಾರದು. ಮೂತ್ರ ಮಾಡುವಾಗಲೇ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡಬಾರದು. ತಳದ ಸ್ನಾಯುವಿನ ಈ ವ್ಯಾಯಾಮವನ್ನು 1948ರಲ್ಲಿ ಪ್ರಚಾರಕ್ಕೆ ತಂದವರು ಅಮೆರಿಕದ ಡಾಕ್ಟರ್ ಅರ್ನಾಲ್ಡ್ ಕೀಗಲ್. ಅದಕ್ಕೇ ಆಸ್ಪತ್ರೆಗಳಲ್ಲಿ ಕೀಗಲ್ ಅನ್ನುತ್ತಾರೆ. ಯೋಗ ಗೊತ್ತಿದ್ದವರಿಗೆ ಮೂಲಬಂಧ ನೆನಪಾಗುತ್ತದೆ.

ನಾರ್ಮಲ್ ಡೆಲಿವರಿ ಆದವರು ನೋವು ತಡೆಯುವಂತಿದ್ದರೆ ಒಂದೆರಡು ದಿನದಲ್ಲೇ ಇದನ್ನು ಶುರು ಮಾಡಬಹುದು. ಸಿಸೇರಿಯನ್ ಆದವರು ಮೂತ್ರದ ನಳಿಕೆ ತೆಗೆದ ಮೇಲೆ ಮೆಲ್ಲಗೆ ಶುರು ಮಾಡಬಹುದು. ಹಾಲು ಕುಡಿಸುತ್ತಾ ಕುಳಿತಾಗ ಮಾಡಿಕೊಂಡರೆ ಇದಕ್ಕೆಂದೇ ಬೇರೆ ಸಮಯ ಹುಡುಕಬೇಕಿಲ್ಲ.

ಇದರ ಜೊತೆಗೆ ದಿನದ ಅಭ್ಯಾಸಗಳು. ಏಳುವಾಗ ನೇರ ಏಳಬೇಡಿ. ಪಕ್ಕಕ್ಕೆ ತಿರುಗಿ, ಕಾಲು ಇಳಿಬಿಟ್ಟು, ಮೊಣಕೈ ಊರಿ ಏಳಿ. ಕೆಮ್ಮುವಾಗ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿಯಿರಿ. ಮಗುವನ್ನೋ ನೀರಿನ ಬಕೆಟ್ಟನ್ನೋ ಎತ್ತುವಾಗ ಉಸಿರು ಬಿಡುತ್ತಾ ಎತ್ತಿ. ಇನ್ನೊಂದು ವಿಷಯವನ್ನು ಮನೆಯ ಹಿರಿಯರಿಗೆ ಪ್ರೀತಿಯಿಂದಲೇ, ಆದರೆ ಗಟ್ಟಿಯಾಗಿ ಹೇಳಬೇಕು. ‘ಬಾಣಂತಿ ನೀರು ಜಾಸ್ತಿ ಕುಡಿದ್ರೆ ಹೊಟ್ಟೆ ಬರುತ್ತೆ ಕಣಮ್ಮ’ ಅನ್ನುವ ಮಾತು ಇನ್ನೂ ಎಷ್ಟೋ ಮನೆಗಳಲ್ಲಿದೆ. ನೀರು ಕುಡಿದರೆ ಹೊಟ್ಟೆ ಬರುವುದಿಲ್ಲ. ನೀರು, ಸೊಪ್ಪು, ತರಕಾರಿ ಕಡಿಮೆಯಾದರೆ ಮಲಬದ್ಧತೆ ಬರುತ್ತದೆ. ಮುಕ್ಕಿ ಮುಕ್ಕಿ ಹೋಗುವಾಗ ಅದೇ ಸಡಿಲ ಹೊಟ್ಟೆ, ಅದೇ ಸಡಿಲ ತಳದ ಮೇಲೆ ದಿನಾ ಒತ್ತಡ ಬೀಳುತ್ತದೆ. ಎರಡು ತಿಂಗಳು ಮಾಡಿದ ವ್ಯಾಯಾಮವನ್ನು ಇದೊಂದೇ ಹಿಂದಕ್ಕೆ ಎಳೆಯಬಹುದು.

ಸೀರೆ ಕಟ್ಟುವುದು ಮತ್ತು ಬೆಲ್ಟ್

ಎಣ್ಣೆ ಸ್ನಾನ ಆದಮೇಲೆ ಹಳೇ ಕಾಟನ್ ಸೀರೆಯನ್ನು ಹೊಟ್ಟೆಗೆ ಬಿಗಿಯಾಗಿ ಸುತ್ತುವುದು ನಮ್ಮ ಬಾಣಂತನದ ಭಾಗ. ಮೆಡಿಕಲ್ ಶಾಪಿನ ಬೆಲ್ಟ್ ಮಾಡುವುದೂ ಅದೇ ಕೆಲಸವನ್ನು. ಇವುಗಳಿಂದ ಉಪಯೋಗ ಇದೆ. ಸಿಸೇರಿಯನ್ ಆದ ಮೊದಲ ದಿನಗಳಲ್ಲಿ ಎದ್ದು ಓಡಾಡುವಾಗ ಹೊಟ್ಟೆ ಜೋತು ಬಿದ್ದಂತಾಗುವುದು, ಹೊಲಿಗೆ ಎಳೆಯುವುದು ಕಡಿಮೆಯಾಗುತ್ತದೆ, ಧೈರ್ಯ ಬರುತ್ತದೆ. ಆದರೆ ಕಟ್ಟಿಕೊಂಡಿದ್ದರಿಂದಲೇ ಸ್ನಾಯುಗಳ ಅಂತರ ಮುಚ್ಚುತ್ತದೆ ಅನ್ನುವುದಕ್ಕೆ ಒಳ್ಳೆಯ ಆಧಾರವಿಲ್ಲ. ಸ್ನಾಯು ತಾನು ಕೆಲಸ ಮಾಡಿದರೆ ಮಾತ್ರ ಬಲ ಪಡೆಯುತ್ತದೆ.

ಬಿಗಿ ಎಷ್ಟಿರಬೇಕು? ಕಟ್ಟಿದ ಮೇಲೆ ಪಕ್ಕೆ ಅಗಲಿಸಿ ಆಳವಾಗಿ ಉಸಿರು ಎಳೆಯಲು ಆಗಬೇಕು, ಬೆರಳು ಸಲೀಸಾಗಿ ಒಳಗೆ ಹೋಗಬೇಕು. ತೀರ ಬಿಗಿದರೆ ಒತ್ತಡ ಪೂರ್ತಿ ಕೆಳಕ್ಕೆ, ತಳದ ಸ್ನಾಯುಗಳ ಮೇಲೆ ಬೀಳುತ್ತದೆ. ತಳ ಭಾರವಾದಂತೆ, ಏನೋ ಇಳಿದಂತೆ ಅನ್ನಿಸಿದರೆ ಕೂಡಲೇ ಬಿಚ್ಚಿ. ಹೊಲಿಗೆ ಒದ್ದೆ ಇದ್ದಾಗ ಮೇಲೆ ಕಟ್ಟಬೇಡಿ. ಮಲಗುವಾಗ ಬೇಡ. ಮೊದಲ ಕೆಲವು ವಾರ ಓಡಾಡುವಾಗಷ್ಟೇ ಹಾಕಿಕೊಂಡು, ಆಮೇಲೆ ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾ ಬಿಡುವುದು ಸರಿ.

ಸೀರೆಯೋ ಬೆಲ್ಟೋ ಅಂದರೆ, ಸಿಸೇರಿಯನ್ ಆದವರಿಗೆ ಬೆಲ್ಟ್ ಅನುಕೂಲ. ಒಬ್ಬರೇ ಹಾಕಿಕೊಳ್ಳಬಹುದು, ಬಿಗಿಯನ್ನು ಬೇಕಾದಂತೆ ಬದಲಿಸಬಹುದು. ಮನೆಯಲ್ಲಿ ಕಟ್ಟಿಕೊಡುವವರಿದ್ದರೆ ಸೀರೆ ಸಾಕು, ಬೇಸಿಗೆಯಲ್ಲಿ ಮೈಗೂ ಹಿತ. ನಡುವನ್ನು ಸಣ್ಣ ಮಾಡುತ್ತೇವೆ ಅಂತ ಮಾರುವ, ಪ್ಲಾಸ್ಟಿಕ್ ಕಡ್ಡಿ ಇರುವ ಬಿಗಿ ಬೆಲ್ಟುಗಳನ್ನು ಬಾಣಂತಿಯರು ಕೊಳ್ಳಲೇಬಾರದು ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ.

ನಡಿಗೆ

ಒಳ್ಳೆಯದು, ಸುಲಭ, ಎಲ್ಲರಿಗೂ ಹೊಂದುತ್ತದೆ. ನಲವತ್ತು ದಿನ ಹಾಸಿಗೆ ಬಿಟ್ಟು ಏಳದೆ ಇರುವುದು ಒಳ್ಳೆಯದಲ್ಲ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ. ಮನೆಯೊಳಗೇ ಐದೈದು ನಿಮಿಷದಿಂದ ಶುರು ಮಾಡಿ. ಬಾಣಂತಿಯರೂ ನಿಧಾನವಾಗಿ ವಾರಕ್ಕೆ 150 ನಿಮಿಷದ ಮಧ್ಯಮ ಶ್ರಮದ ಚಟುವಟಿಕೆಗೆ ಬರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆದರೆ ನಡಿಗೆಯೊಂದರಿಂದಲೇ ಹೊಟ್ಟೆಯ ಸ್ನಾಯು ಬಲವಾಗುವುದಿಲ್ಲ.

ಯೋಗವೋ, ಜಿಮ್ಮೋ?

ಎರಡೂ 6 ವಾರದ ಚೆಕಪ್ ಆದ ಮೇಲಿನ ಮಾತು. ಸಿಸೇರಿಯನ್ ಆದವರಿಗೆ 8ರಿಂದ 12 ವಾರ. ಇಲ್ಲಿ ಹೆಸರಿಗಿಂತ ಕಲಿಸುವವರು ಮುಖ್ಯ. ಬಾಣಂತಿಯರಿಗೆಂದೇ ನಡೆಸುವ ಯೋಗ ಕ್ಲಾಸ್ ಬೇರೆ, ಬೆಳಗ್ಗೆ ಆರಕ್ಕೆ ಎಲ್ಲರ ಜೊತೆ ಸೂರ್ಯನಮಸ್ಕಾರ ಹಾಕಿಸುವ ಕ್ಲಾಸ್ ಬೇರೆ.

ಯೋಗದಲ್ಲಿ ಮೊದಲಿಗೆ ಹೊಂದುವುದು ಮಾರ್ಜಾಲಾಸನ, ಸೇತುಬಂಧಾಸನ, ಮಲಗಿ ಒಂದೊಂದೇ ಕಾಲನ್ನು ನೆಲದ ಮೇಲೆ ಜಾರಿಸುವುದು, ಮಂಡಿ ಊರಿ ಎದುರುಬದುರು ಕೈಕಾಲು ಚಾಚುವುದು. ಮೊದಲ ಕೆಲವು ತಿಂಗಳು ಬೇಡದ್ದು ನೌಕಾಸನ, ಚಕ್ರಾಸನ, ಧನುರಾಸನದಂಥ ಹೊಟ್ಟೆಯನ್ನು ಜೋರಾಗಿ ಹಿಗ್ಗಿಸುವ ಅಥವಾ ಬಿಗಿಯುವ ಆಸನಗಳು. ಕಪಾಲಭಾತಿ ಮತ್ತು ಉಡ್ಡಿಯಾನ ಕೂಡ ಸದ್ಯಕ್ಕೆ ಬೇಡ. ‘ಕಪಾಲಭಾತಿ ಮಾಡಿದ್ರೆ ಹೊಟ್ಟೆ ಇಳಿಯುತ್ತೆ’ ಅಂತ ಸಿಸೇರಿಯನ್ ಆಗಿ ತಿಂಗಳಿಗೇ ಶುರು ಮಾಡುವವರಿದ್ದಾರೆ. ಒಳಗಿನ ಹೊಲಿಗೆ ಇನ್ನೂ ಗಟ್ಟಿಯಾಗದೆ ಇರುವಾಗ ಹೊಟ್ಟೆಯನ್ನು ನಿಮಿಷಕ್ಕೆ ಹತ್ತಾರು ಸಲ ಎಳೆದು ಬಿಡುವುದು ಬೇಕಾ?

ಜಿಮ್ ಅಂದರೆ ಬಾಣಂತಿಗೆ ಬೇಡವೇ ಬೇಡ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆರು ತಿಂಗಳ ಮಗು 6-7 ಕೆಜಿ ಇರುತ್ತದೆ. ಅದನ್ನು ತಾಯಿ ದಿನಕ್ಕೆ ಎಷ್ಟು ಸಲ ನೆಲದಿಂದ ಎತ್ತುತ್ತಾಳೆ ಅಂತ ಯಾರೂ ಲೆಕ್ಕ ಇಟ್ಟಿಲ್ಲ. ಭಾರ ಎತ್ತುವುದನ್ನು ಅವಳು ಹೇಗೂ ಮಾಡುತ್ತಾಳೆ. ಸರಿಯಾಗಿ ಎತ್ತುವುದನ್ನು ಕಲಿಸುವ ಜಾಗ ಜಿಮ್ ಆದರೆ ಅದು ಒಳ್ಳೆಯದೇ. ಮೂರ್ನಾಲ್ಕು ತಿಂಗಳ ನಂತರ, ಕಡಿಮೆ ತೂಕದಿಂದ, ಉಸಿರು ಬಿಡುತ್ತಾ ಎತ್ತುವುದು. ಓಟ, ಜಿಗಿತ 12 ವಾರಕ್ಕಿಂತ ಮೊದಲು ಬೇಡ, ಆಮೇಲೂ ಮೂತ್ರ ಜಾರುತ್ತಿದ್ದರೆ ಬೇಡ.

ಹೊಟ್ಟೆ ಮಡಚಿ ಏಳುವ ಕ್ರಂಚಸ್ ಬಗ್ಗೆ ಜಾಸ್ತಿ ಹೇಳಬೇಕು. ಡಯಾಸ್ಟಾಸಿಸ್ ಇದ್ದವರು ಅದನ್ನು ಜನ್ಮದಲ್ಲಿ ಮಾಡಬಾರದು ಅಂತ ಎಷ್ಟೋ ಕಡೆ ಬರೆದಿರುತ್ತಾರೆ. 2023ರಲ್ಲಿ ನಾರ್ವೆಯಿಂದಲೇ ಇನ್ನೊಂದು ಅಧ್ಯಯನ ಬಂತು. ಹೆರಿಗೆಯಾಗಿ 6ರಿಂದ 12 ತಿಂಗಳಾದ, ಅಂತರ ಉಳಿದಿದ್ದ 70 ಹೆಂಗಸರಲ್ಲಿ ಒಂದು ಗುಂಪಿಗೆ 12 ವಾರ ತಲೆ ಎತ್ತುವ, ಮಡಚಿ ಏಳುವ ವ್ಯಾಯಾಮ ಕೊಟ್ಟರು. ಅಂತರ ಹೆಚ್ಚಲಿಲ್ಲ. ಕಡಿಮೆಯೂ ಆಗಲಿಲ್ಲ. ಆದರೆ ಸ್ನಾಯು ದಪ್ಪವಾಯಿತು, ಬಲ ಬಂತು. ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಅರ್ಧ ವರ್ಷ ಕಳೆದ ಮೇಲೆ ಕ್ರಂಚಸ್‌ಗೆ ಅಷ್ಟೊಂದು ಹೆದರಬೇಕಿಲ್ಲ. ಮತ್ತೆ, ವ್ಯಾಯಾಮದಿಂದ ಅಂತರ ಪೂರ್ತಿ ಮುಚ್ಚಿಯೇ ಮುಚ್ಚುತ್ತದೆ ಅಂತ ಮಾತು ಕೊಡುವವರನ್ನು ನಂಬಬೇಕಿಲ್ಲ. ಮೊದಲ ಮೂರು ತಿಂಗಳಲ್ಲಿ ಮಾತ್ರ ಕ್ರಂಚಸ್ ಬೇಡ.

ಯಾವ ವ್ಯಾಯಾಮವೇ ಆಗಲಿ, ಮಾಡುವಾಗ ಹೊಟ್ಟೆ ನೋಡಿಕೊಳ್ಳಿ. ನಡುವೆ ಉಬ್ಬು ಎದ್ದರೆ, ಉಸಿರು ಕಟ್ಟಿದರೆ, ತಳ ಭಾರವೆನಿಸಿದರೆ ಅದು ನಿಮಗೆ ಇವತ್ತಿಗೆ ಜಾಸ್ತಿ ಆಯಿತು ಅಂತ ಅರ್ಥ. ಅದರ ಸುಲಭ ರೂಪಕ್ಕೆ ಇಳಿಯಿರಿ. ಸಾಧಾರಣ ವ್ಯಾಯಾಮದಿಂದ ಎದೆಹಾಲು ಕಡಿಮೆಯಾಗುವುದಿಲ್ಲ. ಮಗುವಿಗೆ ಕುಡಿಸಿ ಆಮೇಲೆ ಮಾಡಿದರೆ ಮೈಗೆ ಹಗುರ.

ವಿಡಿಯೊವೋ, ಫಿಸಿಯೋಥೆರಪಿಸ್ಟೋ?

ವಿಡಿಯೊ ಪುಕ್ಕಟೆ ಸಿಗುತ್ತದೆ, ಮಗು ಮಲಗಿದಾಗ ಮಾಡಬಹುದು. ಒಳ್ಳೆಯ ವಿಡಿಯೊ ಗುರುತಿಸುವುದು ಕಷ್ಟವಲ್ಲ. ಹೆರಿಗೆಯಾಗಿ ಎಷ್ಟು ವಾರವಾದವರಿಗೆ ಅಂತ ಮೊದಲೇ ಹೇಳುತ್ತದೆ, ಉಬ್ಬು ಹೇಗಿರುತ್ತದೆ ಅಂತ ತೋರಿಸುತ್ತದೆ, ಸುಲಭ ರೂಪ ಕೊಡುತ್ತದೆ, ಇಷ್ಟು ದಿನದಲ್ಲಿ ಹೊಟ್ಟೆ ಮಾಯ ಅನ್ನುವುದಿಲ್ಲ. ಆದರೆ ವಿಡಿಯೊ ನಿಮ್ಮ ಹೊಟ್ಟೆ ಮುಟ್ಟಿ ನೋಡಲಾರದು. ತಳವನ್ನು ಮೇಲಕ್ಕೆ ಎಳೆಯುತ್ತಿದ್ದೇನೆ ಅಂದುಕೊಂಡು ಕೆಳಕ್ಕೆ ತಳ್ಳುವವರು ತುಂಬಾ ಜನ. ಅದು ಹೊರಗಿನಿಂದ ಕಾಣುವುದೇ ಇಲ್ಲ.

ಹಾಗಾಗಿ ಖರ್ಚು ಮಾಡುವ ದುಡ್ಡು ಸ್ವಲ್ಪವೇ ಇದ್ದರೆ, ಅದನ್ನು ಬೆಲ್ಟಿಗೆ ಹಾಕುವ ಬದಲು ಒಂದೆರಡು ಸಲ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗುವುದಕ್ಕೆ ಹಾಕಿ ಅನ್ನುತ್ತೇನೆ. ತಿಂಗಳುಗಟ್ಟಲೆ ಹೋಗಬೇಕು ಅಂತಿಲ್ಲ. ಅಂತರ ಅಳೆದು, ಉಸಿರಾಟ ನೋಡಿ, ಹೊಲಿಗೆಯ ಗುರುತು ಅಂಟಿಕೊಂಡಿದೆಯಾ ನೋಡಿ, ನಿಮಗೆ ಹೊಂದುವ ನಾಲ್ಕೈದು ವ್ಯಾಯಾಮ ಬರೆದುಕೊಟ್ಟರೆ ಮನೆಯಲ್ಲಿ ಮಾಡಬಹುದು. ಫೋನಿನಲ್ಲೇ ‘ಹೆರಿಗೆ ಆದವರನ್ನ ನೋಡ್ತೀರಾ, ಲೇಡಿ ಡಾಕ್ಟರ್ ಇದ್ದಾರಾ ಮೇಡಂ?’ ಅಂತ ಕೇಳಿಕೊಂಡೇ ಹೋಗಿ. ತಳದ ಸ್ನಾಯು ನೋಡಲು ಒಳಗಿನ ಪರೀಕ್ಷೆ ಬೇಕು ಅಂದರೆ ಮೊದಲು ನಿಮ್ಮ ಒಪ್ಪಿಗೆ ಕೇಳಬೇಕು. ಬೇಡ ಅನ್ನುವ ಹಕ್ಕು ನಿಮಗಿದೆ. ಖಾಸಗಿ ಕಡೆ ಹೋಗಲು ಕಷ್ಟವಾದರೆ ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜು ಆಸ್ಪತ್ರೆಯ ಫಿಸಿಯೋ ವಿಭಾಗದಲ್ಲಿ ವಿಚಾರಿಸಿ. ಫ್ರಾನ್ಸಿನಲ್ಲಿ ಹೆರಿಗೆಯಾದವರಿಗೆ ಈ ತರಬೇತಿಯ ಖರ್ಚನ್ನು ಸರ್ಕಾರಿ ವಿಮೆಯೇ ಕೊಡುತ್ತದೆ. ಇದನ್ನು ಶೋಕಿ ಅನ್ನುವವರಿಗೆ ಅದನ್ನು ಹೇಳಬೇಕು ಅನ್ನಿಸುತ್ತದೆ.

ಬೆನ್ನುನೋವಿಗೂ ಇದೇ ದಾರಿ. ಸಿಸೇರಿಯನ್ ಆದವರು ಬೆನ್ನುನೋವಿಗೆಲ್ಲ ‘ಬೆನ್ನಿಗೆ ಕೊಟ್ಟ ಇಂಜೆಕ್ಷನ್’ ಕಾರಣ ಅನ್ನುತ್ತಾರೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆ ಉಳಿಯುವ ನೋವಿಗೆ ಆ ಇಂಜೆಕ್ಷನ್ ಕಾರಣ ಅಂತ ಅಧ್ಯಯನಗಳು ತೋರಿಸಿಲ್ಲ. ಬಲ ಕಳೆದುಕೊಂಡ ಹೊಟ್ಟೆ, ಬಗ್ಗಿ ಹಾಲು ಕುಡಿಸುವ ಅಭ್ಯಾಸ ಇವನ್ನು ಮೊದಲು ನೋಡಬೇಕು.

ಆಪರೇಷನ್ ಕೊನೆಯ ಆಯ್ಕೆ. ವರ್ಷವಿಡೀ ಸರಿಯಾಗಿ ವ್ಯಾಯಾಮ ಮಾಡಿಯೂ ತೊಂದರೆ ಉಳಿದವರಿಗೆ, ಮುಂದೆ ಮಗು ಬೇಡ ಅಂತ ನಿರ್ಧರಿಸಿದವರಿಗೆ ಮಾತ್ರ. ಹೊಕ್ಕುಳಿನ ಹತ್ತಿರ ಗಂಟಿನ ಹಾಗೆ ಉಬ್ಬಿ ನೋಯುತ್ತಿದ್ದರೆ ಅದು ಹರ್ನಿಯಾ ಇರಬಹುದು, ಅದಕ್ಕೆ ಸರ್ಜನ್ ಅನ್ನೇ ನೋಡಬೇಕು.

ಹಾಗಾದರೆ ನಿಮಗೆ ಯಾವುದು?

ನಾರ್ಮಲ್ ಡೆಲಿವರಿ, ಅಂತರ ಎರಡು ಬೆರಳಿನೊಳಗೆ, ಬೇರೆ ತೊಂದರೆ ಇಲ್ಲ ಅಂದರೆ ಉಸಿರಿನ ವ್ಯಾಯಾಮ, ನಡಿಗೆ, 6 ವಾರದ ನಂತರ ಬಾಣಂತಿಯರ ಯೋಗ ಅಥವಾ ಒಳ್ಳೆಯ ವಿಡಿಯೊ ಸಾಕು. ಸಿಸೇರಿಯನ್ ಆಗಿದ್ದರೆ ಮೊದಲ ವಾರಗಳಲ್ಲಿ ಬೆಲ್ಟ್, ಜೊತೆಗೇ ಉಸಿರು, ಎರಡು ತಿಂಗಳಾದ ಮೇಲೆ ಫಿಸಿಯೋ. ಅಂತರ ಮೂರು ಬೆರಳಿಗಿಂತ ಜಾಸ್ತಿ ಇದ್ದರೆ, ಮೂರು ತಿಂಗಳಾದರೂ ಕೆಮ್ಮಿದಾಗ ಮೂತ್ರ ಜಾರುತ್ತಿದ್ದರೆ, ತಳದಲ್ಲಿ ಏನೋ ಇಳಿದಂತಿದ್ದರೆ ಯೋಗ, ಜಿಮ್ ಎರಡನ್ನೂ ಬದಿಗಿಟ್ಟು ಮೊದಲು ಡಾಕ್ಟರು, ಆಮೇಲೆ ಫಿಸಿಯೋ. ‘ಹೆತ್ತವರಿಗೆಲ್ಲಾ ಇದು ಇದ್ದಿದ್ದೇ’ ಅಂತ ಸುಮ್ಮನಿರಬೇಡಿ. ಇದ್ದಿದ್ದೇ ಆಗಿದ್ದರೂ ಸರಿಮಾಡಿಕೊಳ್ಳಬಹುದು. ಜ್ವರ, ಹೊಲಿಗೆಯಲ್ಲಿ ಕೀವು, ನಿಂತಿದ್ದ ರಕ್ತಸ್ರಾವ ಮತ್ತೆ ಜೋರಾಗುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಎದೆನೋವು ಅಥವಾ ಉಸಿರಿಗೆ ಕಷ್ಟ, ಇವುಗಳಲ್ಲಿ ಯಾವುದು ಕಂಡರೂ ವ್ಯಾಯಾಮ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ.

ಕೆಲಸಕ್ಕೆ ಹೋಗುವವರು 26 ವಾರದ ಹೆರಿಗೆ ರಜೆ ಮುಗಿಯುವ ಹೊತ್ತಿಗೆ ಶುರು ಮಾಡೋಣ ಅಂತ ಕಾಯಬೇಡಿ. ಆಮೇಲೆ ಆಫೀಸು, ಬಸ್ಸು, ಅಡುಗೆಮನೆ ಎಲ್ಲಾ ಒಟ್ಟಿಗೆ ಮೈಮೇಲೆ ಬೀಳುತ್ತವೆ. ತವರಿನಲ್ಲಿ ಮಗುವನ್ನು ಎತ್ತಿಕೊಳ್ಳಲು ಇನ್ನೊಬ್ಬರಿರುವಾಗಲೇ ದಿನಕ್ಕೆ ಹದಿನೈದು ನಿಮಿಷ ನಿಮಗೆ ಅಂತ ಕೇಳಿ ತೆಗೆದುಕೊಳ್ಳಿ. ತಡವಾಗಿದ್ದರೂ ಪರವಾಗಿಲ್ಲ. ಮಗು ಸ್ಕೂಲಿಗೆ ಹೋಗುವಷ್ಟು ದೊಡ್ಡದಾದ ಮೇಲೆ ಶುರು ಮಾಡಿದರೂ ಹೊಟ್ಟೆಯ ಸ್ನಾಯು ಬಲವಾಗುತ್ತದೆ. ಅವರೂ ಮೇಲೆ ಹೇಳಿದ ಬೆರಳಿನ ಪರೀಕ್ಷೆ ಮಾಡಿಕೊಂಡು ಉಸಿರಿನ ವ್ಯಾಯಾಮದಿಂದಲೇ ಶುರು ಮಾಡಬಹುದು.